ಎರಡನೇ ಸಲ ಎತ್ತಿದ ಚೀಟಿ

ಭಾನುಮತಿಯವರ ಮನೆಯ ಬೇಸ್‌ಮೆಂಟಿನಲ್ಲಿ ನಾನೂ ಅಮ್ಮನೂ ಬಾಡಿಗೆಗೆ ಇದ್ದೆವು. ಅಮ್ಮ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಿದ್ದರು. ನಾನು ಶಾಲೆ ಬಿಟ್ಟಿದ್ದರಿಂದ ಹಗಲೆಲ್ಲ ಮನೆಯಲ್ಲಿರುತ್ತಿದ್ದೆ. ಮೇಲಿನವರೆಲ್ಲ ಹೊರಟುಹೋದ ಮೇಲೆ ಭಾನುಮತಿಯವರು ಒಬ್ಬರೇ ನಡೆದಾಡುವ ಸದ್ದು ಕೇಳುತ್ತಿತ್ತು. ಅಡುಗೆಮನೆಯಿಂದ ಮುಂದಿನ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ. ಕಿಟಕಿಯ ಹತ್ತಿರ ಸದ್ದು ಬಹಳ ಹೊತ್ತು ನಿಂತುಬಿಡುತ್ತಿತ್ತು. ಅಲ್ಲಿಂದ ನೋಡಿದರೆ ಕಾಣುವುದು ಎದುರು ಮನೆಯ ಗ್ಯಾರೇಜಿನ ಬಾಗಿಲು ಮತ್ತು ಒಂದು ಮೇಪಲ್ ಮರ, ಅಷ್ಟೇ.

ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದನ್ನು ಅವರೇ ನನಗೆ ಹೇಳಿದರು. ಸ್ವಲ್ಪವನ್ನು ಅವರ ಮಗ ಪ್ರಖ್ಯಾತ್ ಹೇಳಿದರು. ನನಗೆ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆದಿದ್ದೇನೆ.

ಅವರ ಊರು ಕಾರ್ಕಳದ ಹತ್ತಿರ. ಗಂಡ ತೀರಿಹೋದ ಮೇಲೆ, ಮೊಮ್ಮಗಳು ಅಶ್ವಿತಾ ಹುಟ್ಟಿದ ವರ್ಷ, ಮಗ ಅವರನ್ನು ಕೆನಡಾದ ಬರ್ಲಿಂಗ್ಟನ್ನಿಗೆ ಕರೆಸಿಕೊಂಡರು. ಮಗುವನ್ನು ನೋಡಿಕೊಳ್ಳುವುದಕ್ಕೆ ಬಂದವರು ಅದನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಮಗು ಬೆಳೆಯಿತು. ಶಾಲೆಗೆ ಹೋಯಿತು, ಶಾಲೆ ಮುಗಿದ ಮೇಲೆ ಈಜಿಗೆ ಹೋಯಿತು, ಅಜ್ಜಿಯ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡಲು ಶುರುಮಾಡಿತು. ಸೊಸೆ ದೀಕ್ಷಿತಾ ಬೆಂಗಳೂರಿನವರಾದ್ದರಿಂದ ಮನೆಯ ಮಾತು ಕನ್ನಡ. ಭಾನುಮತಿಯವರ ತಾಯಿಮಾತು ತುಳು. ಮಗನ ಬಾಯಲ್ಲಿ ಉಳಿದಿದ್ದ ತುಳುವೆಂದರೆ ಆಫೀಸಿನಿಂದ ಬಂದು ಶೂ ಬಿಚ್ಚುತ್ತಾ ಕೇಳುವ "ದಾದ ಅಮ್ಮಾ?" ಒಂದೇ. ಏನಮ್ಮಾ ಎಂದು ಅರ್ಥ. ಅದಕ್ಕೆ ಉತ್ತರ ಹೇಳುವಷ್ಟರಲ್ಲಿ ಅವರು ಮಹಡಿ ಹತ್ತಿರುತ್ತಿದ್ದರು.

ರಾಜಲಕ್ಷ್ಮಿಯವರ ಪರಿಚಯವಾದದ್ದು ಸಮುದಾಯ ಭವನದ ಲಿಫ್ಟಿನಲ್ಲಿ. ಹಿರಿಯರಿಗೆ ಇಂಗ್ಲಿಷ್ ಕಲಿಸುತ್ತಾರೆಂದು ಮಗ ಅಲ್ಲಿ ಬಿಟ್ಟುಹೋಗಿದ್ದರು. ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಾ ಬಂದಾಗ ಭಾನುಮತಿಯವರು ಬಾಗಿಲಿಗೇ, "ಅಯ್ಯೋ, ಸ್ವಲ್ಪ ನಿಲ್ಲು ಮಾರಾಯ್ತಿ" ಎಂದರು. ಒಳಗಿದ್ದ ಹೆಂಗಸು ಕೈ ಅಡ್ಡ ಇಟ್ಟು ಬಾಗಿಲು ನಿಲ್ಲಿಸಿ, "ಕನ್ನಡದವರೇನ್ರೀ? ಬನ್ನಿ ಬನ್ನಿ, ಈ ಬಾಗಿಲಿಗೆ ಕನ್ನಡ ಬರಲ್ಲ" ಎಂದರು. ಅವರೇ ರಾಜಲಕ್ಷ್ಮಿ. ಮೈಸೂರಿನವರು. ಮಗಳು ಅಮಿತಾ ಜೊತೆ ಊರಿನ ಇನ್ನೊಂದು ತುದಿಯಲ್ಲಿದ್ದರು. ಅವತ್ತು ಇಬ್ಬರೂ ಇಂಗ್ಲಿಷ್ ಏನೂ ಕಲಿಯಲಿಲ್ಲವಂತೆ.

ಇಂಥ ಹಿರಿಯರು ಸುತ್ತಮುತ್ತ ಇನ್ನೂ ಕೆಲವರಿದ್ದರು. ಗಿರೀಶ ಎಂಬ ಎಂಜಿನಿಯರು ತಮ್ಮ ತಾಯಿಗೆ ಜೊತೆಯಾಗಲೆಂದು ಇವರನ್ನೆಲ್ಲ ಸೇರಿಸಿ, ಅದೇ ಭವನದಲ್ಲಿ ಬುಧವಾರಕ್ಕೊಂದು ಕೋಣೆ ಹಿಡಿದು, ಬುಧವಾರದ ಬಳಗ ಎಂದು ಹೆಸರಿಟ್ಟು ನೋಂದಾಯಿಸಿದರು. ಇದು ಎರಡು ಸಾವಿರದ ಹದಿನಾರರಲ್ಲಿ. ಮನೆಮನೆಗೆ ಬಂದು ಕರೆದೊಯ್ಯಲು ಒಂದು ಬಾಡಿಗೆ ವ್ಯಾನು ಗೊತ್ತಾಯಿತು. ಡ್ರೈವರು ಬಲಬೀರ್ ಎಂಬ ಪಂಜಾಬಿ. ಬೆಳಿಗ್ಗೆ ಹತ್ತರ ಸುಮಾರಿಗೆ ಹಾರ್ನ್ ಮಾಡಿ, "ಆಂಟೀಜೀ, ಚಲೋ!" ಎನ್ನುತ್ತಿದ್ದ. ಬಳಗದಲ್ಲಿ ವಿಶೇಷವೇನೂ ನಡೆಯುತ್ತಿರಲಿಲ್ಲ. ಚಹಾ ಕುಡಿಯುತ್ತಿದ್ದರು, ಯಾರಾದರೂ ದೇವರನಾಮ ಹಾಡುತ್ತಿದ್ದರು, ಊರಿನ ಸುದ್ದಿ ಹೇಳುತ್ತಿದ್ದರು. ಭಾನುಮತಿಯವರು ಮತ್ತು ರಾಜಲಕ್ಷ್ಮಿಯವರು ವ್ಯಾನಿನಲ್ಲಿ ಒಂದೇ ಸೀಟಿನಲ್ಲಿ ಕೂರುತ್ತಿದ್ದರು. ಮಿಕ್ಕ ಆರು ದಿನ ಮಾತಾಡದೆ ಉಳಿದದ್ದನ್ನೆಲ್ಲ ಆ ಸೀಟಿನಲ್ಲಿ ಆಡಿ ಮುಗಿಸುತ್ತಿದ್ದರು. "ನಂಗೆ ವಾರಕ್ಕೆ ಒಂದೇ ದಿನ ಇರುವುದು" ಎಂದು ಭಾನುಮತಿಯವರು ನನ್ನ ಹತ್ತಿರ ಒಂದು ಸಲ ಹೇಳಿದ್ದರು.

ಮುಂದಿನ ವರ್ಷ ವ್ಯಾನಿನ ಬಾಡಿಗೆ ಹೆಚ್ಚಾಯಿತು. ಮೊದಮೊದಲು ಮಕ್ಕಳು ಹಂಚಿಕೊಂಡು ಕೊಡುತ್ತಿದ್ದರು. ಆಮೇಲೆ ಒಬ್ಬರು ತಡಮಾಡಿದರು, ಇನ್ನೊಬ್ಬರು ಮರೆತರು. ಅಪ್ಪ ಅಮ್ಮಂದಿರಿಗೆ ಮಕ್ಕಳನ್ನು ಕೇಳಲು ನಾಚಿಕೆ. ಆಗ ಗಿರೀಶರು ಲಾಟರಿ ಮಾಡೋಣ ಎಂದರು.

"ಲಾಟರಿಯಾ? ಪೊಲೀಸರು ಹಿಡೀತಾರೆ" ಎಂದರು ಭಾನುಮತಿಯವರು.

"ಇಲ್ಲ ಆಂಟಿ, ಲೀಗಲ್ಲಾಗೇ ಮಾಡೋಣ. ಸಿಟಿ ಹಾಲಲ್ಲಿ ಲೈಸೆನ್ಸ್ ಕೊಡ್ತಾರೆ. ನೀವು ಪ್ರೆಸಿಡೆಂಟ್, ನಾನು ಸೆಕ್ರೆಟರಿ. ಇಬ್ರೂ ಸೈನ್ ಮಾಡ್ಬೇಕು. ನಂಗೆ ವೀಕ್‌ಡೇಸ್ ರಜ ಸಿಗಲ್ಲ. ನಿಮ್ಮನೆಯಿಂದ ಸಿಟಿ ಹಾಲ್ ಒಂದೇ ಬಸ್ಸಲ್ವಾ?"

ಹೀಗೆ, ಬಸ್ಸು ಹತ್ತಿರ ಇದ್ದ ಕಾರಣಕ್ಕೆ ಭಾನುಮತಿಯವರು ಅಧ್ಯಕ್ಷರಾದರು.

ನಗರಸಭೆಯ ಕಚೇರಿಯಾದ ಸಿಟಿ ಹಾಲಿನ ಲೈಸೆನ್ಸ್ ಕೌಂಟರಿನಲ್ಲಿ ಕೂತಿದ್ದ ಹೆಂಗಸಿನ ಹೆಸರು ಮೆರಿಲಿನ್. ನರೆತ ಕೂದಲು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಅರ್ಜಿ ಓದಿ ನಿಧಾನವಾಗಿ ಮಾತಾಡಿದರು. ಬಂದ ಹಣವನ್ನು ಯಾವುದಕ್ಕೆ ಬಳಸುತ್ತೀರಿ ಎಂಬ ಕಡೆ ಗಿರೀಶರು ಯುಗಾದಿ ಊಟ, ಬೇಸಿಗೆ ಪಿಕ್ನಿಕ್, ಸಂಸ್ಕೃತಿಯ ರಕ್ಷಣೆ ಎಂದು ಬರೆದಿದ್ದರು. ಊಟಕ್ಕೂ ಪಿಕ್ನಿಕ್ಕಿಗೂ ಲಾಟರಿಯ ಹಣ ಬಳಸುವ ಹಾಗಿಲ್ಲ, ಅದು ದಾನಧರ್ಮದ ಕೆಲಸಕ್ಕೆ ಹೋಗಬೇಕು, ಎಂದರು ಮೆರಿಲಿನ್. ಭಾನುಮತಿಯವರ ಮುಖ ನೋಡಿ, ಅರ್ಜಿಯನ್ನು ಪಕ್ಕಕ್ಕಿಟ್ಟು, "ನಿಮಗೆ ನಿಜವಾಗಿ ಬೇಕಾಗಿರುವುದು ಏನು?" ಎಂದು ಕೇಳಿದರು.

"ವ್ಯಾನ್" ಎಂದರು ಭಾನುಮತಿಯವರು.

"ವ್ಯಾನ್ ಇಲ್ಲದಿದ್ದರೆ?"

ಇದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಹುಡುಕಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಕಿಟಕಿಯಲ್ಲಿ ಕೂತಿರುತ್ತೇನೆ. ಎಲ್ಲರೂ. ಅವರವರ ಕಿಟಕಿಯಲ್ಲಿ" ಎಂದರು.

ಮೆರಿಲಿನ್ ಹೊಸ ಅರ್ಜಿ ಕೊಟ್ಟರು. ಹಿರಿಯರನ್ನು ಕರೆತರುವ ವಾಹನದ ಖರ್ಚು ಎಂದು ಮಾತ್ರ ಬರೆಯಿರಿ, ಎಂದರು. ಆಮೇಲೆ ನಿಯಮಗಳನ್ನು ಒಂದೊಂದಾಗಿ ಹೇಳಿದರು. ಲಾಟರಿಗೆಂದೇ ಬೇರೆ ಬ್ಯಾಂಕ್ ಖಾತೆ ಇರಬೇಕು. ಪ್ರತಿ ಚೀಟಿಯ ಮೇಲೂ ಲೈಸೆನ್ಸಿನ ನಂಬರು ಅಚ್ಚಾಗಬೇಕು. ಮಕ್ಕಳಿಗೆ ಮಾರಬಾರದು. ಒಂಟಾರಿಯೊ ಪ್ರಾಂತ್ಯದ ಹೊರಗೆ ಮಾರಬಾರದು. ಲಾಟರಿ ನಡೆಸುವವರು ತಾವೇ ಚೀಟಿ ಕೊಳ್ಳಬಾರದು. ಮುಗಿದ ಮೇಲೆ ಏನೇನಾಯಿತೆಂದು ವರದಿ ಕೊಡಬೇಕು. ಭಾನುಮತಿಯವರು ಎಲ್ಲದಕ್ಕೂ ತಲೆಯಾಡಿಸಿ, ಬಸ್ಸಿನಲ್ಲಿ ಮರೆಯದ ಹಾಗೆ ಬಾಯಲ್ಲಿ ಹೇಳಿಕೊಳ್ಳುತ್ತಾ ಮನೆಗೆ ಬಂದರು.

ಅವರು ಆ ಕೌಂಟರಿಗೆ ಆಮೇಲೆ ಎಷ್ಟೋ ಸಲ ಹೋದರು. ಒಮ್ಮೆ ಬ್ಯಾಂಕಿನ ಕಾಗದ, ಒಮ್ಮೆ ಚೀಟಿಯ ಮಾದರಿ. ಮಾದರಿಯಲ್ಲಿ ಮೇಲುಗಡೆ ಶ್ರೀ ಇತ್ತು, ಗಣಪತಿಯ ಚಿತ್ರವಿತ್ತು, ಲೈಸೆನ್ಸಿನ ನಂಬರಿಗೆ ಮಾತ್ರ ಜಾಗವಿರಲಿಲ್ಲ. ಮೆರಿಲಿನ್ ನಕ್ಕರಂತೆ. ಆನೆಯನ್ನು ಸ್ವಲ್ಪ ಚಿಕ್ಕದು ಮಾಡಿ, ಎಂದರಂತೆ. ಚೀಟಿ ಮಾರಾಟ ಶುರುವಾದಾಗ ರಾಜಲಕ್ಷ್ಮಿಯವರ ತಮ್ಮ ಮೈಸೂರಿನಿಂದ ವಾಟ್ಸಾಪಿನಲ್ಲಿ ನನಗೂ ಎರಡು ಇರಲಿ ಎಂದು ಕೇಳಿದರು. ಭಾನುಮತಿಯವರು ಕೊಡಲಿಲ್ಲ. "ನಿಮ್ಮ ತಮ್ಮ ಒಂಟಾರಿಯೊಗೆ ಬಂದರೆ ಕೊಡ್ತೇನೆ ರಾಜಕ್ಕ" ಎಂದರು.

"ಅವನು ಇಲ್ಲಿಗೆ ಬರೋ ಹಾಗಿದ್ರೆ ನಂಗ್ಯಾಕ್ರೀ ಬೇಕಿತ್ತು ಲಾಟರಿ!" ಎಂದರು ರಾಜಲಕ್ಷ್ಮಿ.

ಬಹುಮಾನ ಒಂದೇ. ಟೊರಾಂಟೋದಿಂದ ಬೆಂಗಳೂರಿಗೆ ಹೋಗಿಬರುವ ವಿಮಾನದ ಟಿಕೆಟಿಗೆ ಒಂದು ವೋಚರು, ಒಂದು ವರ್ಷದೊಳಗೆ ಬಳಸಬೇಕು. ಬಳಗದ ಹಿರಿಯರೆಲ್ಲರ ಕಣ್ಣೂ ಅದರ ಮೇಲಿತ್ತು. ಊರಿಗೆ ಹೋಗಲು ಅವರಿಗೆ ಮಕ್ಕಳ ರಜೆ ಬೇಕು, ಮೊಮ್ಮಕ್ಕಳ ಪರೀಕ್ಷೆ ಮುಗಿಯಬೇಕು, ಮನೆಯ ಸಾಲದ ಕಂತು ಅಡ್ಡ ಬರಬಾರದು. ಯಾರನ್ನೂ ಕೇಳದೆ ಒಬ್ಬರೇ ಹೋಗಿಬರುವ ಟಿಕೆಟ್ಟೆಂದರೆ ಅವರಿಗೆ ದೊಡ್ಡದು. ಭಾನುಮತಿಯವರಿಗೂ ಆಸೆಯಿತ್ತು. ಕಾರ್ಕಳದಲ್ಲಿ ಅವರ ಅಕ್ಕನಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು, ಪೂರ್ತಿ ಹೋಗುವ ಮೊದಲು ಒಮ್ಮೆ ನೋಡಬೇಕಿತ್ತು. ಆದರೆ ಅಧ್ಯಕ್ಷರಾದ್ದರಿಂದ ಅವರು ಚೀಟಿ ಕೊಳ್ಳಲಿಲ್ಲ. ಮಗ ಪ್ರಖ್ಯಾತ್ ಗಿರೀಶರ ಹತ್ತಿರ ಹೋಗಿ, ಅಮ್ಮನಿಗೆ ಹೇಳದೆ, ತಮ್ಮ ಹೆಸರಿನಲ್ಲಿ ಒಂದಿಷ್ಟು ಚೀಟಿ ಕೊಂಡಿದ್ದು ಅವರಿಗೆ ಗೊತ್ತಿರಲಿಲ್ಲ.

ಎರಡು ಸಾವಿರದ ಹದಿನೆಂಟರ ಮೇ ತಿಂಗಳ ಒಂದು ಭಾನುವಾರ ಸಮುದಾಯ ಭವನದ ದೊಡ್ಡ ಹಾಲಿನಲ್ಲಿ ಚೀಟಿ ಎತ್ತಿದರು. ನಾನೂ ಅಮ್ಮನೂ ಹಿಂದಿನ ಸಾಲಿನಲ್ಲಿದ್ದೆವು. ಚೀಟಿಗಳನ್ನೆಲ್ಲ ಹುಳಿ ಮಾಡುವ ದೊಡ್ಡ ಪಾತ್ರೆಗೆ ಹಾಕಿ ಸೌಟಿನಿಂದ ತಿರುವಿದರು. ಒಂದು ಪುಟ್ಟ ಹುಡುಗಿಯ ಕಣ್ಣಿಗೆ ಬಟ್ಟೆ ಕಟ್ಟಿ ಎತ್ತಿಸಿದರು. ಗಿರೀಶರು ಮೈಕಿನಲ್ಲಿ ಓದಿದರು: "ಪ್ರಖ್ಯಾತ್! ನಮ್ಮ ಭಾನುಮತಿ ಆಂಟಿ ಮಗ!"

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಬಿತ್ತು. ದಾವಣಗೆರೆ ಕಡೆಯ ಈಶ್ವರಪ್ಪನವರು ಬಳಗದಲ್ಲಿ ಎಲ್ಲರನ್ನೂ ರೇಗಿಸುವವರು. ಅವರು ಎರಡನೇ ಸಾಲಿನಿಂದ, "ಅಧ್ಯಕ್ಷರ ಮನೀಗೇ ಹೋತೇನಪ? ಭಾಳ ಚಲೋ ಲಾಟ್ರಿ!" ಎಂದರು. ಜನ ನಕ್ಕರು. ತಮಾಷೆಗೆ ಆಡಿದ ಮಾತು, ನನಗೆ ಹಾಗೇ ಅನ್ನಿಸಿತು.

ಭಾನುಮತಿಯವರ ಮುಖ ಕೆಂಪಾಯಿತು. ಅವರ ಊರಿನ ಕಡೆ ಯುವಕ ಮಂಡಲದವರೋ ಮಹಿಳಾ ಮಂಡಲದವರೋ ಲಕ್ಕಿ ಡಿಪ್ ಮಾಡುತ್ತಾರೆ. ಅಲ್ಲಿ ನಡೆಸುವವರ ಮನೆಗೇ ಬಹುಮಾನ ಬಂದರೆ ಅವರು ತೆಗೆದುಕೊಳ್ಳುವುದಿಲ್ಲ. ನಮಗೆ ಬೇಡ, ಇನ್ನೊಂದು ಎತ್ತಿ, ಎನ್ನುತ್ತಾರೆ. ಹಾಗೆ ಅನ್ನದಿದ್ದರೆ ಆ ಮನೆಯ ಮಕ್ಕಳ ಮದುವೆಯಲ್ಲೂ ಜನ ಆ ಮಾತು ಎತ್ತುತ್ತಾರೆ. ಭಾನುಮತಿಯವರು ಗಿರೀಶರ ಕೈಯಿಂದ ಮೈಕು ತೆಗೆದುಕೊಂಡು, "ನಮ್ಮ ಮನೆಯದ್ದು ಬೇಡ. ಇನ್ನೊಂದು ತೆಗೀರಿ" ಎಂದರು. ಹಾಲಿಗೆ ಹಾಲೇ ಚಪ್ಪಾಳೆ ತಟ್ಟಿತು. ಈಶ್ವರಪ್ಪನವರು ಎದ್ದು ನಿಂತು ತಟ್ಟಿದರು.

ಎರಡನೇ ಸಲ ಎತ್ತಿದ ಚೀಟಿ ರಾಜಲಕ್ಷ್ಮಿಯವರದು.

ರಾಜಲಕ್ಷ್ಮಿಯವರು ಮೊದಲು ನಂಬಲಿಲ್ಲ. "ಸರಿಯಾಗಿ ಓದ್ರೀ ಗಿರೀಶ, ಬೇರೆ ರಾಜಲಕ್ಷ್ಮಿ ಇರ್ಬೇಕು" ಎಂದರು. ಆಮೇಲೆ ವೇದಿಕೆಗೆ ಬಂದು ಭಾನುಮತಿಯವರನ್ನು ಅಪ್ಪಿಕೊಂಡು ಅತ್ತರು. "ನಂಗೆ ಜೀವನದಲ್ಲಿ ಯಾವತ್ತೂ ಏನೂ ಹೀಗೆ ಬಂದಿಲ್ಲ ಕಣ್ರೀ" ಎಂದರು. ಆ ಸಂಜೆಯೇ ಮೈಸೂರಿನ ತಂಗಿಗೆ ಫೋನು ಮಾಡಿ, "ನಂಗೆ ಲಾಟರಿ ಹೊಡೀತು ಕಣೇ!" ಎಂದರಂತೆ.

ಕಾರಿನಲ್ಲಿ ಮನೆಗೆ ಬರುವಾಗ ಪ್ರಖ್ಯಾತ್, "ಅಮ್ಮಾ, ಅದು ನೀನು ಹೋಗ್ಲಿ ಅಂತಲೇ ತಗೊಂಡಿದ್ದೆ" ಎಂದರು.

"ಜನ ಎಂತ ಹೇಳ್ತಾರೆ ಮಗಾ?"

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

ಆದರೂ ಆ ರಾತ್ರಿ ತಾನು ನೆಮ್ಮದಿಯಾಗಿ ಮಲಗಿದೆ ಎಂದು ಭಾನುಮತಿಯವರು ನನಗೆ ಹೇಳಿದ್ದಾರೆ. ಸರಿಯಾದದ್ದನ್ನೇ ಮಾಡಿದ್ದೇನೆ ಎಂದುಕೊಂಡಿದ್ದರು.

ಅಲ್ಲಿಂದ ಮುಂದೆ ಒಂದಷ್ಟು ಬುಧವಾರ ವ್ಯಾನಿನ ಆ ಸೀಟಿನಲ್ಲಿ ಬೇರೆ ಮಾತಿರಲಿಲ್ಲ. ರಾಜಲಕ್ಷ್ಮಿಯವರು ದಸರಾ ಹೊತ್ತಿಗೆ ಹೋಗುವುದೆಂದು ತೀರ್ಮಾನಿಸಿ ಹೊಸ ಸೂಟ್‌ಕೇಸು ಕೊಂಡಿದ್ದರು. "ಮೈಸೂರಿಂದ ಬಸ್ ಹತ್ತಿ ಕಾರ್ಕಳಕ್ಕೂ ಹೋಗ್ತೀನಿ. ನಿಮ್ಮ ಅಕ್ಕನ ಪಕ್ಕ ಕೂತು ವಿಡಿಯೋ ಮಾಡ್ತೀನಿ, ನೋಡ್ತಿರಿ" ಎನ್ನುತ್ತಿದ್ದರು. ಅದನ್ನು ಕೇಳಿ ಭಾನುಮತಿಯವರಿಗೆ ತಾನೇ ಅರ್ಧ ಹೋಗಿಬಂದ ಹಾಗಾಗುತ್ತಿತ್ತು.

ಲಾಟರಿ ಮುಗಿದ ಮೇಲಿನ ವರದಿಯನ್ನು ಗಿರೀಶರು ಬರೆದರು. ಮೊದಲ ಚೀಟಿ ಅಧ್ಯಕ್ಷರ ಮನೆಯವರಿಗೆ ಬಂದರೂ ಅವರು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟರು, ಹಾಗಾಗಿ ಇನ್ನೊಂದು ಚೀಟಿ ಎತ್ತಲಾಯಿತು, ಎಂದು ಹೆಮ್ಮೆಯಿಂದಲೇ ಬರೆದರು. ಬಳಗ ಎಷ್ಟು ಪ್ರಾಮಾಣಿಕ ಎಂದು ಸಿಟಿ ಹಾಲಿನವರಿಗೆ ಗೊತ್ತಾಗಲಿ ಎಂಬುದು ಅವರ ಆಲೋಚನೆ.

ಜೂನ್ ಕೊನೆಗೆ ಮೆರಿಲಿನ್ ಇಬ್ಬರನ್ನೂ ಕರೆಸಿದರು. ಗಿರೀಶರು ಅರ್ಧ ದಿನ ರಜೆ ಹಾಕಿ ಬಂದರು. ಮೆರಿಲಿನ್ ಆ ಸಾಲಿನ ಮೇಲೆ ಬೆರಳಿಟ್ಟು ಭಾನುಮತಿಯವರನ್ನೇ ಕೇಳಿದರು. "ಪ್ರಖ್ಯಾತ್ ಬಹುಮಾನ ಬೇಡ ಅಂದರಾ?"

"ಅವನು ನನ್ನ ಮಗ."

"ಗೊತ್ತು. ಅವರು ಬೇಡ ಅಂದರಾ?"

"ನಾನು ಹೇಳಿದೆ. ನಮ್ಮಲ್ಲಿ ಮನೆ ಅಂದರೆ ಒಂದೇ."

ಮೆರಿಲಿನ್ ಸಿಟ್ಟು ಮಾಡಲಿಲ್ಲ. ನೀವು ಮಾಡಿದ್ದರ ಹಿಂದಿನ ಮನಸ್ಸು ನನಗೆ ಅರ್ಥವಾಗುತ್ತದೆ, ಎಂದರು. ಆದರೆ ಚೀಟಿಯ ಮೇಲೆ ಯಾರ ಹೆಸರಿದೆಯೋ ಬಹುಮಾನ ಅವರದೇ. ಅವರ ಪರವಾಗಿ ತಾಯಿ ಬೇಡ ಎನ್ನುವ ಹಾಗಿಲ್ಲ, ಇನ್ನೊಂದು ಎತ್ತುವ ಹಾಗೂ ಇಲ್ಲ. ಬಹುಮಾನ ಪ್ರಖ್ಯಾತ್ ಕೈಗೆ ಸೇರಿ, ಸೇರಿತೆಂದು ಅವರು ಸಹಿ ಹಾಕಿದ ಕಾಗದ ಬರಬೇಕು. ಅದು ಬರುವವರೆಗೆ ಮುಂದಿನ ಲೈಸೆನ್ಸು ಕೊಡಲು ನನ್ನ ಕೈಯಲ್ಲಿ ಆಗುವುದಿಲ್ಲ.

ಮೊದಲ ಲಾಟರಿಯ ಹಣ ಡಿಸೆಂಬರಿನವರೆಗೆ ಮಾತ್ರ ಸಾಕಾಗುತ್ತಿತ್ತು. ಮುಂದಿನ ಲೈಸೆನ್ಸು ಸಿಗದಿದ್ದರೆ ಚಳಿಗಾಲದ ನಡುವೆ ವ್ಯಾನು ನಿಲ್ಲುತ್ತದೆ. ವ್ಯಾನು ನಿಂತರೆ ಬುಧವಾರವೂ ನಿಲ್ಲುತ್ತದೆ. ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಹೊರಗೆ ಬಂದ ಮೇಲೆ ಗಿರೀಶರು, "ಟೆನ್ಶನ್ ಮಾಡ್ಕೋಬೇಡಿ ಆಂಟಿ. ಸಿಂಪಲ್. ರಾಜಲಕ್ಷ್ಮಿ ಆಂಟಿ ವೋಚರ್ ವಾಪಸ್ ಕೊಡ್ಲಿ, ಪ್ರಖ್ಯಾತ್ ಸೈನ್ ಮಾಡಿ ತಗೊಳ್ಳಿ, ಆಮೇಲೆ ಅವ್ರೇ ಆಂಟಿಗೆ ಗಿಫ್ಟ್ ಮಾಡ್ಲಿ. ಅವರ ವಸ್ತು, ಯಾರಿಗೆ ಬೇಕಾದ್ರೂ ಕೊಡ್ಬಹುದು. ಒಂದೇ ದಿನದ ಕೆಲ್ಸ" ಎಂದರು.

ಭಾನುಮತಿಯವರಿಗೂ ಅದು ಸರಿಯೆನಿಸಿತು. ಮಗ ಕೂಡಲೇ ಒಪ್ಪಿದರು. ಫೋನಿನಲ್ಲಿ ಹೇಳುವುದಕ್ಕಿಂತ ಎದುರಿಗೇ ಹೇಳೋಣವೆಂದು ಭಾನುಮತಿಯವರು ಬುಧವಾರದವರೆಗೆ ಕಾದರು. ವ್ಯಾನಿನಲ್ಲಿ, ತಮ್ಮ ಸೀಟಿನಲ್ಲಿ, ಎಲ್ಲವನ್ನೂ ಮೊದಲಿಂದ ಹೇಳಿದರು. ಕೊನೆಗೆ, "ಬರೀ ಕಾಗದದ ಕೆಲಸ ರಾಜಕ್ಕ. ನೀವು ಹೋಗುವುದು ಹೋಗುವುದೇ" ಎಂದರು.

ರಾಜಲಕ್ಷ್ಮಿಯವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಅಂದ್ರೆ ನಾನು ಗೆದ್ದಿಲ್ಲ" ಎಂದರು.

"ಗೆದ್ದ ಹಾಗೆಯೇ ಅಲ್ವಾ?"

"ಹಾಗೆಯೇ ಅಂದ್ರೆ ಏನ್ರೀ? ಗೆದ್ದಿದ್ದು ನಿಮ್ಮ ಮಗ. ನಂಗೆ ಕೊಡ್ತಿರೋದು ನಿಮ್ಮ ಮಗ."

"ನನ್ನ ಮಗ ಬೇರೆ, ನಿಮ್ಮ ಮಗ ಬೇರೆಯಾ?"

"ನಂಗೆ ಮಗಳಿದ್ದಾಳೆ ಭಾನುಮತಿಯವ್ರೇ." ಅಲ್ಲಿಯವರೆಗೆ ಭಾನು ಎನ್ನುತ್ತಿದ್ದವರು ಅವತ್ತು ಪೂರ್ತಿ ಹೆಸರು ಹೇಳಿದರು. "ತಂಗಿಗೆ ಏನು ಹೇಳ್ಲಿ? ಯಾರದೋ ಮಗ ನಂಗೆ ಟಿಕೆಟ್ ಕೊಡಿಸ್ದ ಅಂತ್ಲೇ? ಹಾಗಾದ್ರೆ ನಿನ್ನ ಮಗಳು ಯಾಕೆ ಕೊಡಿಸ್ಲಿಲ್ಲ ಅಂತ ಕೇಳಲ್ವೇ ಅವ್ಳು? ಲಾಟರಿ ಅಂದ್ರೆ ಅದು ಯಾರ ಋಣಾನೂ ಅಲ್ಲ. ದೇವ್ರು ಕಣ್ಣು ಮುಚ್ಕೊಂಡು ಎತ್ಕೊಟ್ಟಿದ್ದು. ಇದು ದಾನ. ದಾನ ತಗೊಂಡು ತವರಿಗೆ ಹೋಗೋಷ್ಟು ಗತಿಗೆಟ್ಟಿಲ್ಲ ನಾವು."

"ನಾನು ಹಾಗೆ ಹೇಳಿದ್ದಾ ರಾಜಕ್ಕ?"

"ನೀವು ಹೇಳ್ಲಿಲ್ಲ. ಆದದ್ದು ಹಾಗೆ."

ಅವತ್ತು ವಾಪಸು ಬರುವಾಗ ರಾಜಲಕ್ಷ್ಮಿಯವರು ಮುಂದೆ ಬಲಬೀರನ ಪಕ್ಕ ಕೂತರು. ಮುಂದಿನ ಬುಧವಾರ ಬರಲಿಲ್ಲ. ಬಲಬೀರನ ಕೈಯಲ್ಲಿ ಒಂದು ಕವರು ಕಳಿಸಿದ್ದರು. ಒಳಗೆ ವೋಚರಿತ್ತು. ಬೇರೆ ಒಂದು ಸಾಲೂ ಇರಲಿಲ್ಲ.

ಅದನ್ನು ಮಗನ ಕೈಗೆ ಕೊಡುವ ಮೊದಲು ಭಾನುಮತಿಯವರು ಹಲವು ದಿನ ಇಟ್ಟುಕೊಂಡಿದ್ದರು. ಆ ದಿನಗಳಲ್ಲಿ ಒಮ್ಮೆ ಬಟ್ಟೆ ಒಗೆಯಲು ಕೆಳಗೆ ಬಂದವರು ನನ್ನನ್ನು ಕೇಳಿದರು. "ಇದನ್ನು ಮಗನಿಗೆ ಕೊಟ್ಟರೆ ಬುಧವಾರ ಉಳೀತದೆ, ರಾಜಕ್ಕ ಕೈಬಿಟ್ಟು ಹೋಗ್ತಾರೆ. ಕೊಡದಿದ್ದರೆ ಬುಧವಾರವೇ ಇಲ್ಲ. ನೀನೇ ಹೇಳು, ಎಂತ ಮಾಡುವುದು?" ಅವರು ಉತ್ತರಕ್ಕೆ ಕಾಯಲಿಲ್ಲ. ಮೆಷಿನಿಗೆ ಬಟ್ಟೆ ಹಾಕಿ, "ಉಳಿದವರ ಬುಧವಾರವೂ ಉಂಟಲ್ಲ" ಎಂದು ತಾವೇ ಹೇಳಿಕೊಂಡು ಮೇಲೆ ಹೋದರು.

ಪ್ರಖ್ಯಾತ್ ಸಹಿ ಹಾಕಿದರು. ಆಗಸ್ಟಿನಲ್ಲಿ ಹೊಸ ಲೈಸೆನ್ಸು ಬಂತು. ಮೆರಿಲಿನ್ ಅದನ್ನು ಕೈಗೆ ಕೊಟ್ಟು ಅಭಿನಂದನೆ ಹೇಳಿದಾಗ ಭಾನುಮತಿಯವರು ಥ್ಯಾಂಕ್ಸ್ ಹೇಳಿ, ಬಸ್‌ಸ್ಟಾಪಿನಲ್ಲಿ ಕೂತು, ಬಂದ ಬಸ್ಸನ್ನು ಹತ್ತದೆ ಬಿಟ್ಟರಂತೆ.

ನಡೆದದ್ದು ಬಳಗದಲ್ಲಿ ಬೇರೆಯೇ ರೂಪದಲ್ಲಿ ಹರಡಿತ್ತು. ಎಲ್ಲರೆದುರು ಬೇಡವೆಂದವರು ಆಮೇಲೆ ಸಿಟಿ ಹಾಲಿಗೆ ಹೋಗಿ ವಾಪಸ್ ತರಿಸಿಕೊಂಡರು ಎಂದು. ಗಿರೀಶರು ಮೈಕು ಹಿಡಿದು ನಿಯಮ ವಿವರಿಸಿದರು. ಎಲ್ಲರೂ ಕೇಳಿದರು. ಕೇಳಿದ ಮೇಲೆ ಈಶ್ವರಪ್ಪನವರು, "ರೂಲ್ಸ್ ಇರ್ಲಿ ಬಿಡ್ರಿ. ಕೊಟ್ಟ ಹೆಣ್ಣು ಕುಲಕ್ಕ ಹೊರಗು ಅಂತಾರ ನಮ್ಮ ಕಡಿ. ಕೊಟ್ಟಿದ್ದನ್ನ ವಾಪಸ್ ಕರ್ಕೊಂಡು ಬಂದಿದ್ದು ಇದೇ ಮೊದಲು ನೋಡಿದ್ದು" ಎಂದರು. ನಂತರ ಸಿಕ್ಕಾಗಲೆಲ್ಲ, "ಅಧ್ಯಕ್ಷರ, ಊರಿಂದ ಯಾವಾಗ ಬಂದ್ರಿ?" ಎಂದು ಕೇಳುತ್ತಿದ್ದರು. ಭಾನುಮತಿಯವರು ಎಲ್ಲಿಗೂ ಹೋಗಿರಲಿಲ್ಲ. ಸೊಸೆ ಬಹಳ ಸಲ ಹೇಳಿದರು, "ಅತ್ತೆ, ಹಾಳಾಗಿ ಹೋ‌ಗತ್ತೆ, ನೀವಾದ್ರೂ ಹೋಗ್ಬನ್ನಿ. ದೊಡ್ಡಮ್ಮನ್ನ ನೋಡ್ಕೊಂಡು ಬನ್ನಿ." ಅವರು, "ಯಾವ ಮುಖ ಇಟ್ಟುಕೊಂಡು ಹೋಗಲಿ?" ಎಂದರು. ವೋಚರು ದೇವರ ಕೋಣೆಯ ಡ್ರಾಯರಿನಲ್ಲಿತ್ತು. ಮರುವರ್ಷದ ಮೇ ತಿಂಗಳಲ್ಲಿ ಅದರ ಅವಧಿ ಮುಗಿಯಿತು. ಅದರಲ್ಲಿ ಯಾರೂ ಹೋಗಲಿಲ್ಲ.

ಬುಧವಾರ ನಿಲ್ಲಲಿಲ್ಲ. ಅವರು ತಪ್ಪದೆ ಹೋಗುತ್ತಿದ್ದರು. ವ್ಯಾನಿನಲ್ಲಿ ಅದೇ ಸೀಟಿನಲ್ಲಿ ಕೂರುತ್ತಿದ್ದರು. ಪಕ್ಕದ ಜಾಗದಲ್ಲಿ ಯಾರೋ ಚೀಲ ಇಡುತ್ತಿದ್ದರು. ಅವರನ್ನು ಯಾರಾದರೂ ದೂರ ಮಾಡಿದರೆಂದು ಹೇಳಲಾಗದು. ಚಹಾ ಕೊಡುತ್ತಿದ್ದರು, ನಮಸ್ಕಾರ ಎನ್ನುತ್ತಿದ್ದರು, ಅಧ್ಯಕ್ಷರೇ ಎಂದು ಕರೆಯುತ್ತಿದ್ದರು. ಆದರೆ ಅವರು ಹೋಗಿ ಕೂತ ಕಡೆ ಮಾತು ಬೇರೆಯದಕ್ಕೆ ತಿರುಗುತ್ತಿತ್ತು. ಮನೆಯಲ್ಲಿ ಒಬ್ಬರೇ ಇದ್ದಾಗ ಇಲ್ಲದ ಒಂದು ತರಹದ ಒಂಟಿತನ ಅಲ್ಲಿತ್ತು ಎಂದು ಅವರು ಹೇಳಿದರು. "ಮನೇಲಿ ಗೋಡೆ ಮಾತಾಡುವುದಿಲ್ಲ, ಅದಕ್ಕೆ ಬಾಯಿಲ್ಲ" ಎಂದರು.

ರಾಜಲಕ್ಷ್ಮಿಯವರಿಗೆ ಫೋನು ಮಾಡಿದರೆ ಮಗಳು ಎತ್ತುತ್ತಿದ್ದರು. "ಅಮ್ಮ ಮಲಗಿದ್ದಾರೆ ಆಂಟಿ." "ಅಮ್ಮ ಸ್ನಾನಕ್ಕೆ ಹೋಗಿದ್ದಾರೆ ಆಂಟಿ." ಒಂದು ಸಲ ಅಮಿತಾ ತಡೆಯಲಾರದೆ, "ಆಂಟಿ, ಅವ್ರು ಎಲ್ಲಿಗೂ ಹೋಗಲ್ಲ ಈಗ. ಇಡೀ ದಿನ ಟಿವಿ ಮುಂದೆ. ನಾನೇ ಟಿಕೆಟ್ ಮಾಡಿಸ್ತೀನಿ ಅಂದ್ರೂ ಬೇಡ ಅಂತಾರೆ. ಐ ಡೋಂಟ್ ನೋ ವಾಟ್ ಟು ಡೂ" ಎಂದರು. ದಸರಾ ಕಳೆಯಿತು, ಹಿಮ ಬಿತ್ತು.

ವ್ಯಾನಿನ ದಾರಿ ಮಾತ್ರ ಬದಲಾಗಿರಲಿಲ್ಲ. ರಾಜಲಕ್ಷ್ಮಿಯವರ ಬೀದಿಯ ಮೇಲೆಯೇ ಹೋಗುತ್ತಿತ್ತು. ಆ ಮನೆ ಬಂದಾಗ ಬಲಬೀರ್ ಅಭ್ಯಾಸಬಲದಿಂದ ವೇಗ ತಗ್ಗಿಸಿ, ನೆನಪಾಗಿ ಮುಂದೆ ಹೋಗುತ್ತಿದ್ದ. ಎರಡು ಸಾವಿರದ ಹತ್ತೊಂಬತ್ತರ ಜನವರಿಯ ಒಂದು ಬುಧವಾರ ಅವನು ಹಾಗೆ ನಿಧಾನಮಾಡಿದಾಗ ಭಾನುಮತಿಯವರು "ಸ್ಟಾಪ್" ಎಂದರು.

"ಕ್ಯಾ ಹುವಾ ಆಂಟೀಜೀ?"

"ಇಳೀತೇನೆ" ಎಂದು ಕನ್ನಡದಲ್ಲೇ ಹೇಳಿ, ಬಾಗಿಲು ತೆಗೆಸಿಕೊಂಡು, ಹಿಮದಲ್ಲಿ ಕಾಲಿಟ್ಟರು. "ಗೋ, ಗೋ" ಎಂದು ಕೈಯಾಡಿಸಿ ವ್ಯಾನನ್ನು ಕಳಿಸಿದರು. ಕರೆಗಂಟೆ ಒತ್ತಿದರು. ಒಳಗೆ ಟಿವಿಯ ಸದ್ದು ನಿಂತಿತು. ಬಹಳ ಹೊತ್ತಿನ ಮೇಲೆ ಒಳಬಾಗಿಲು ತೆರೆಯಿತು. ಹೊರಗಿನ ಗಾಜಿನ ಬಾಗಿಲು ಮುಚ್ಚಿಯೇ ಇತ್ತು. ಅದರ ಹಿಂದೆ ರಾಜಲಕ್ಷ್ಮಿಯವರು ನಿಂತಿದ್ದರು. ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು. ಸೊರಗಿಹೋಗಿದ್ದರು.

"ಯಾಕೆ ಬಂದ್ರಿ?"

"ವ್ಯಾನು ಹೋಯ್ತು."

"ಫೋನ್ ಮಾಡಿ. ವಾಪಸ್ ಬರ್ತಾನೆ."

"ಫೋನು ವ್ಯಾನಿನಲ್ಲೇ ಉಂಟು." ಅದು ನಿಜವಾಗಿತ್ತು. ಚೀಲವನ್ನು ಸೀಟಿನ ಮೇಲೆ ಬಿಟ್ಟಿದ್ದರು. ಮರೆತದ್ದೋ ಬೇಕೆಂದೇ ಬಿಟ್ಟದ್ದೋ ನನಗೆ ಗೊತ್ತಿಲ್ಲ.

"ಅವನು ಈ ಕಡೆ ಬರೋದು ಮಧ್ಯಾಹ್ನ ಮೂರರ ಮೇಲೆ. ಅಲ್ಲೀತನಕ ಏನ್ ಮಾಡ್ತೀರಿ?"

"ಇಲ್ಲೇ ನಿಲ್ತೇನೆ."

"ಈ ಚಳೀಲಿ?"

"ಮತ್ತೆಂತ ಮಾಡುವುದು?"

ಗಾಜಿನ ಮೇಲೆ ಇಬ್ಬರ ಉಸಿರೂ ಮಂಜಾಗಿ ಕೂರುತ್ತಿತ್ತಂತೆ. ರಾಜಲಕ್ಷ್ಮಿಯವರು ಆ ಮಂಜನ್ನು ಅಂಗೈಯಿಂದ ಒರೆಸಿದರು. "ನಾನೇನೂ ಮರೆತಿಲ್ಲ, ತಿಳ್ಕೊಳ್ಳಿ" ಎಂದರು.

"ಮರೀಬೇಡಿ."

"ಆ ಗುಂಪಿಗಂತೂ ನಾನು ಬರಲ್ಲ. ಆ ಈಶ್ವರಪ್ಪನ ಮುಖ ನೋಡಕ್ಕಾಗಲ್ಲ ನಂಗೆ."

"ಬರಬೇಡಿ. ನಾನು ಕರೀಲಿಕ್ಕೆ ಬಂದದ್ದಲ್ಲ."

ಆಮೇಲೆ ಚಿಲಕ ಸರಿಯಿತು. ಭಾನುಮತಿಯವರು ಒಳಗೆ ಹೋದರು. ರಾಜಲಕ್ಷ್ಮಿಯವರು ಟಿವಿ ಮತ್ತೆ ಹಾಕಿದರು. ಯಾವುದೋ ಧಾರಾವಾಹಿ ಬರುತ್ತಿತ್ತು. ಅದರ ಕಥೆ ಭಾನುಮತಿಯವರಿಗೆ ಗೊತ್ತಿರಲಿಲ್ಲ. ಯಾರು ಯಾರ ಸೊಸೆ ಎಂದು ಅವರು ಕೇಳಿದಾಗ ಮಾತ್ರ ರಾಜಲಕ್ಷ್ಮಿಯವರು ಹೇಳುತ್ತಿದ್ದರು. ಊಟದ ಹೊತ್ತಿಗೆ ಎರಡು ತಟ್ಟೆಯಲ್ಲಿ ಮೊಸರನ್ನ ತಂದಿಟ್ಟರು. ಮೂರು ಗಂಟೆಯ ಮೇಲೆ ಹೊರಗೆ ಹಾರ್ನ್ ಕೇಳಿದಾಗ ಭಾನುಮತಿಯವರು ಎದ್ದು ಕೋಟು ಹಾಕಿಕೊಂಡರು. ಮುಂದಿನ ವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮುಂದಿನ ಬುಧವಾರ ವ್ಯಾನು ಆ ಮನೆಯ ಮುಂದೆ ನಿಂತಿತು. ರಾಜಲಕ್ಷ್ಮಿಯವರು ಹತ್ತಲಿಲ್ಲ. ಭಾನುಮತಿಯವರು ಇಳಿದರು.